ಉಸಿರು ಬಿಗಿ ಹಿಡಿಯಬೇಡ: ದಹಬ್‌ನಲ್ಲಿ ಐದು ದಿನ

ನಾನು ಈಜು ಕಲಿತದ್ದು ತುಮಕೂರಿನ ಹತ್ತಿರ ನಮ್ಮ ತೋಟದ ಬಾವಿಯಲ್ಲಿ. ತಾತ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟುತ್ತಿದ್ದರು. "ಉಸಿರು ಬಿಗಿ ಹಿಡ್ಕೋ, ಏನೂ ಆಗಲ್ಲ" ಅಂತ ಹೇಳಿ ಮೆಟ್ಟಿಲಿನಿಂದ ನೀರಿಗೆ ಬಿಡುತ್ತಿದ್ದರು. ಅದಾಗಿ ಮೂವತ್ತು ವರ್ಷದ ಮೇಲೆ ಈಜಿಪ್ಟಿನ ದಹಬ್‌ನಲ್ಲಿ ಕಡಲ ದಡದ ಮೇಲೆ ಕೂತಿದ್ದೆ. ಅಲ್ಲಿನ ಡೈವಿಂಗ್ ಗುರು ಕಲಿಸಿದ ಮೊದಲ ಪಾಠವೇ ಬೇರೆ: "ನೀರಿನ ಕೆಳಗೆ ಯಾವತ್ತೂ ಉಸಿರು ಹಿಡಿಯಬೇಡ."

ತಮ್ಮ ದೋಹಾದಲ್ಲಿ ಕೆಲಸದಲ್ಲಿದ್ದಾನೆ. ಒಮ್ಮೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಡೈವ್ ಮಾಡಿ ಬಂದವನಿಗೆ ಅದೇ ಹುಚ್ಚು ಹಿಡಿದಿತ್ತು. "ಅಕ್ಕ, ಅಲ್ಲಿ ದೋಣಿಯೇ ಬೇಡ ಕಣೆ. ದಡದಿಂದ ನಡ್ಕೊಂಡು ಹೋದ್ರೆ ಸಾಕು, ಹವಳ ಸಿಗುತ್ತೆ" ಅಂತ ಎರಡು ವರ್ಷ ಹೇಳಿ ಹೇಳಿ ಕೊನೆಗೂ ಹೊರಡಿಸಿದ. ನಾನು ಬೆಂಗಳೂರಿನಿಂದ, ಅವನು ದೋಹಾದಿಂದ ಬಂದು ಕೈರೋದಲ್ಲಿ ಸೇರಿ, ಒಟ್ಟಿಗೆ ಶರ್ಮ್ ಎಲ್ ಶೇಖ್‌ಗೆ ಹಾರಿದೆವು. ನವೆಂಬರ್ ತಿಂಗಳು.

ಶರ್ಮ್‌ನಿಂದ ದಹಬ್‌ಗೆ ಟ್ಯಾಕ್ಸಿಯಲ್ಲಿ ಒಂದು ಗಂಟೆಗೂ ಸ್ವಲ್ಪ ಜಾಸ್ತಿ. ಇದು ಸೈನಾಯ್ ಪರ್ಯಾಯ ದ್ವೀಪ. 1967ರ ಯುದ್ಧದಲ್ಲಿ ಇಸ್ರೇಲ್ ವಶಕ್ಕೆ ಹೋಗಿ, 1982ರಲ್ಲಿ ಈಜಿಪ್ಟಿಗೆ ವಾಪಸ್ ಬಂದ ನೆಲ. ದಾರಿಯಲ್ಲಿ ಚೆಕ್‌ಪೋಸ್ಟ್‌ಗಳಿವೆ, ಪಾಸ್‌ಪೋರ್ಟ್ ಕೈಯಲ್ಲೇ ಇಟ್ಟುಕೊಂಡಿರಬೇಕು. ಎರಡೂ ಕಡೆ ಬರೀ ಬೆಟ್ಟ. ಒಂದು ಎಲೆ ಇಲ್ಲ, ಹುಲ್ಲಿನ ಎಸಳಿಲ್ಲ. ಕೆಂಪು, ಕಂದು, ಕೆಲವು ಕಡೆ ಸುಟ್ಟ ಇಟ್ಟಿಗೆಯ ಬಣ್ಣ. ನಮ್ಮ ಬಯಲುಸೀಮೆಯ ಬರಗಾಲ ನೋಡಿ ಬೆಳೆದವಳಿಗೂ ಇಷ್ಟು ಒಣ ನೆಲ ಹೊಸದು. ಕೊನೆಯ ತಿರುವು ದಾಟಿದ ಕೂಡಲೇ ನೀಲಿ ನೀರು ಕಂಡಿತು. ಅದು ಅಕಾಬಾ ಕೊಲ್ಲಿ, ಕೆಂಪು ಸಮುದ್ರದ ಒಂದು ಕವಲು. ಆಚೆ ದಡದಲ್ಲಿ ಸೌದಿ ಅರೇಬಿಯಾದ ಬೆಟ್ಟಗಳು ಬರಿಗಣ್ಣಿಗೆ ಕಾಣುತ್ತವೆ.

ದಹಬ್ ಅಂದರೆ ಅರಬ್ಬಿಯಲ್ಲಿ ಬಂಗಾರ. ಮೂಲತಃ ಮರುಭೂಮಿಯ ಅಲೆಮಾರಿಗಳಾದ ಬೆದೂಯಿನ್ ಜನರ ಊರು. ಈಗ ಕಡಲ ಉದ್ದಕ್ಕೂ ಸಣ್ಣ ಹೋಟೆಲು, ಊಟದ ಮನೆ, ಡೈವಿಂಗ್ ಅಂಗಡಿಗಳು. ನೆಲಕ್ಕೆ ಜಮಖಾನ ಹಾಸಿ, ದಿಂಬು ಇಟ್ಟಿರುತ್ತಾರೆ. ಒರಗಿ ಕೂತರೆ ಕಾಲಿನ ಹತ್ತಿರವೇ ನೀರು. ಇಲ್ಲಿ ಗಾಳಿಯೂ ಜೋರು, ಅದಕ್ಕೇ ಲಗೂನಿನ (ಕಡಲಂಚಿನ ಆಳವಿಲ್ಲದ ನೀರಿನ) ಕಡೆ ಕೈಟ್ ಸರ್ಫಿಂಗ್, ಅಂದರೆ ಗಾಳಿಪಟ ಹಿಡಿದು ಹಲಗೆಯ ಮೇಲೆ ಜಾರುವ ಆಟ, ಆಡುವವರ ದಂಡೇ ಇರುತ್ತದೆ.

ಮೊದಲ ದಿನ ನನಗೆ ಇಳಿಯಲು ಆಗಲಿಲ್ಲ. ಇಲ್ಲಿ ಡೈವಿಂಗ್ ಕಲಿಸುವವರನ್ನು ಎಲ್ಲರೂ "ಕ್ಯಾಪ್ಟನ್" ಅಂತ ಕರೆಯುತ್ತಾರೆ. ನಮ್ಮ ಕ್ಯಾಪ್ಟನ್ ಮೊದಲು ಕೈಸನ್ನೆ ಕಲಿಸಿದ. ಹೆಬ್ಬೆರಳು ಎತ್ತಿದರೆ "ಚೆನ್ನಾಗಿದೆ" ಅಂತಲ್ಲ, "ಮೇಲೆ ಹೋಗೋಣ" ಅಂತ. ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ಎಲ್ಲ ಸರಿ ಇದೆ ಅಂತ. ಆಮೇಲೆ ಉಸಿರಿನ ವಿಷಯ ಬಿಡಿಸಿ ಹೇಳಿದ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದಕ್ಕಿಂತ ಎರಡು ಪಟ್ಟು. ಅಲ್ಲಿ ಬೆನ್ನಿನ ಸಿಲಿಂಡರಿನಿಂದ ಎಳೆದುಕೊಂಡ ಗಾಳಿಯನ್ನು ಎದೆಯಲ್ಲೇ ಹಿಡಿದು ಮೇಲೆ ಬಂದರೆ ಅದು ಎರಡರಷ್ಟು ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟು ಕೊಡುತ್ತದೆ. ಹಾಗಾಗಿ ಎಳೆದುಕೊ, ಬಿಡು, ಎಳೆದುಕೊ, ಬಿಡು. ನಿಲ್ಲಿಸಲೇಬಾರದು.

ಉಸಿರು ಹೇಗೋ ಆಯಿತು, ಕಿವಿ ಮಾತ್ರ ಮಾತು ಕೇಳಲಿಲ್ಲ. ಕೆಳಗೆ ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳುತ್ತಾ ಹೋಗಬೇಕು. ವಿಮಾನದಲ್ಲಿ ನನಗೆ ಸ್ವಲ್ಪ ನೆಗಡಿ ಹಿಡಿದಿತ್ತು. ಮೂರು ಮೀಟರಿಗೇ ಕಿವಿಯೊಳಗೆ ಮೊಳೆ ಹೊಡೆದ ಹಾಗಾಯಿತು. ಹೆಬ್ಬೆರಳು ಎತ್ತಿದೆ. ಕ್ಯಾಪ್ಟನ್ ಒಂದು ಮಾತೂ ಆಡದೆ ಮೇಲೆ ಕರೆತಂದ. ದಡದಲ್ಲಿ, "ಶ್ವಯ್ಯ ಶ್ವಯ್ಯ" ಅಂದ. ನಿಧಾನ ನಿಧಾನ ಅಂತ ಅರ್ಥ. "ಕಡಲು ನಾಳೆನೂ ಇಲ್ಲೇ ಇರುತ್ತೆ" ಅಂದ. ದುಡ್ಡು ಕೊಟ್ಟವರನ್ನು ಹೇಗಾದರೂ ಇಳಿಸಿ ಕಳಿಸುವ ಆತುರ ಅವನಲ್ಲಿರಲಿಲ್ಲ. ಮೊದಲ ಸಲ ಹೋಗುವವರು ಇಂಥವರನ್ನೇ ಹುಡುಕಬೇಕು.

ಮರುದಿನ ಕಿವಿಗೆ ರಜೆ. ಜೀಪಿನ ಹಿಂದೆ ಕೂತು ಉತ್ತರಕ್ಕೆ ಬ್ಲೂ ಹೋಲ್‌ಗೆ ಹೋದೆವು. ದಡದ ಪಕ್ಕದಲ್ಲೇ ನೂರು ಮೀಟರಿನಷ್ಟು ಆಳದ ಗುಂಡಿ. ಸುತ್ತ ಹವಳದ ಕಟ್ಟೆ, ನಡುವೆ ಕಡು ನೀಲಿ. ಸುಮಾರು 55 ಮೀಟರ್ ಕೆಳಗೆ ಗುಂಡಿಯಿಂದ ಹೊರಗಿನ ಕಡಲಿಗೆ ಒಂದು ಕಮಾನು ಇದೆ. ಹವ್ಯಾಸಕ್ಕೆ ಡೈವ್ ಮಾಡುವವರ ಮಿತಿ 40 ಮೀಟರ್. ಆ ಕಮಾನು ದಾಟಬೇಕು ಅಂತ ಹೋಗಿ ತುಂಬ ಜನ ವಾಪಸ್ ಬಂದಿಲ್ಲ. ಆಳದಲ್ಲಿ ನೈಟ್ರೋಜನ್ ತಲೆಗೇರಿ ಕುಡಿದವರ ಹಾಗಾಗುತ್ತದೆ, ಗಾಳಿ ಮುಗಿದದ್ದೂ ಗೊತ್ತಾಗುವುದಿಲ್ಲ. ದಡದ ಬಂಡೆಯ ಮೇಲೆ ಅವರ ಹೆಸರಿನ ಕಲ್ಲುಗಳಿವೆ. ನಿಂತು ಒಂದೊಂದೇ ಓದಿದೆ. ಎಷ್ಟೋ ಜನ ನನ್ನ ತಮ್ಮನಿಗಿಂತ ಚಿಕ್ಕವರು. ತಮ್ಮನ ಕೈ ಹಿಡಿದು, "ನೀನು ಈ ಹುಚ್ಚು ಯಾವತ್ತೂ ಮಾಡಲ್ಲ ಅಂತ ಹೇಳು" ಅಂದೆ. "ಇಲ್ಲ ಕಣಕ್ಕ" ಅಂದ.

ಸ್ನಾರ್ಕೆಲ್, ಅಂದರೆ ಉಸಿರಾಡುವ ನಳಿಗೆ, ಹಾಕಿಕೊಂಡು ಮೇಲೆ ತೇಲಿದೆವು. ನಡುವೆ ತೇಲುವ ಬೋಯಿ ಕಟ್ಟಿ ಹಗ್ಗ ಇಳಿಬಿಟ್ಟಿದ್ದರು. ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಆ ಹಗ್ಗದ ಗುಂಟ ಇಳಿಯುವವರು ಇಲ್ಲಿ ಅಭ್ಯಾಸ ಮಾಡುತ್ತಾರೆ. ಒಬ್ಬ ಹುಡುಗಿ ಮುಖ ಮೇಲೆ ಮಾಡಿ ಅಲುಗಾಡದೆ ಮಲಗಿದ್ದಳು. ಕೊನೆಯದಾಗಿ ತುಂಬ ಉಸಿರು ಎಳೆದು, ಮಗುಚಿ, ತಲೆ ಕೆಳಗಾಗಿ ಹೊರಟಳು. ನೀಲಿಯಲ್ಲಿ ಚಿಕ್ಕದಾಗುತ್ತಾ ಹೋಗಿ ಕಾಣದೇ ಹೋದಳು. ಅವಳು ಮೇಲೆ ಬರುವವರೆಗೆ ನಾನೂ ಉಸಿರು ಬಿಟ್ಟಿರಲಿಲ್ಲ. ತಾತನ ಪಾಠವನ್ನೂ ಇಲ್ಲಿ ಕಲಿಸುತ್ತಾರೆ ಅಂತ ಗೊತ್ತಾಯಿತು. ತಾತ ಈಗಿಲ್ಲ. ಇದನ್ನು ಅವರಿಗೆ ತೋರಿಸಬೇಕು ಅಂತ ತುಂಬ ಅನಿಸಿತು.

ಮೂರನೆಯ ದಿನ ಬೆಳಗ್ಗೆ ಕಿವಿ ಬಿಟ್ಟಿತ್ತು. ಲೈಟ್‌ಹೌಸ್ ಅನ್ನುವ ಜಾಗ, ಊರ ನಡುವೆಯೇ ಇದೆ. ಮರಳಿನ ಇಳಿಜಾರು. ಮುಳುಗಲು ಸೊಂಟಕ್ಕೆ ಸೀಸದ ಬಿಲ್ಲೆಗಳ ಬೆಲ್ಟ್. ಇಲ್ಲಿ ಅದು ಬೇರೆ ಕಡೆಗಿಂತ ಜಾಸ್ತಿ ಬೇಕು. ಕೆಂಪು ಸಮುದ್ರಕ್ಕೆ ಒಂದು ನದಿಯೂ ಸೇರುವುದಿಲ್ಲ, ಮಳೆ ಇಲ್ಲವೇ ಇಲ್ಲ ಅನ್ನಬಹುದು, ಬಿಸಿಲು ನೀರನ್ನು ಕುಡಿಯುತ್ತಲೇ ಇರುತ್ತದೆ. ಹಾಗಾಗಿ ಉಪ್ಪು ಜಾಸ್ತಿ, ಲೀಟರಿಗೆ ಸುಮಾರು 40 ಗ್ರಾಂ. ಉಪ್ಪು ನೀರು ಮೇಲಕ್ಕೆ ಎತ್ತುತ್ತದೆ. ನದಿಯ ಮಣ್ಣು ಬರದ್ದರಿಂದಲೇ ನೀರು ಇಷ್ಟು ತಿಳಿ. ಬೆಟ್ಟದ ಮೇಲೆ ಎಲೆ ಇಲ್ಲದಿರುವುದಕ್ಕೂ, ನೀರೊಳಗೆ ಹವಳ ಹೀಗೆ ತುಂಬಿರುವುದಕ್ಕೂ ಕಾರಣ ಆ ಒಣ ಹವೆಯೇ.

ಈ ಸಲ ಅರ್ಧ ಮೀಟರಿಗೊಮ್ಮೆ ಮೂಗು ಹಿಡಿದೆ. ಶ್ವಯ್ಯ ಶ್ವಯ್ಯ. ಬುಸ್ ಅಂತ ಎಳೆಯುವ ಸದ್ದು, ಗುಳುಗುಳು ಅಂತ ಬಿಡುವ ಸದ್ದು. ನನ್ನ ಉಸಿರು ನನಗೇ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಹವಳದ ಬಂಡೆ ಬಂತು. ಸಾವಿರ ಕಿತ್ತಳೆ ಬಣ್ಣದ ಪುಟ್ಟ ಮೀನುಗಳು, ಆಂಥಿಯಸ್ ಅನ್ನುತ್ತಾರೆ. ಎಲ್ಲ ಹೆಣ್ಣಾಗಿಯೇ ಹುಟ್ಟುತ್ತವಂತೆ, ಗುಂಪಿನ ಗಂಡು ಸತ್ತರೆ ಒಂದು ಹೆಣ್ಣು ಗಂಡಾಗುತ್ತದೆ. ಎಲ್ಲಿಂದಲೋ ಕಟುಕಟು ಸದ್ದು. ಗಿಳಿಮೀನು ಹವಳ ಕಡಿಯುತ್ತಿತ್ತು, ಪಕ್ಕದಲ್ಲಿ ಯಾರೋ ಹುರಿಗಡಲೆ ತಿಂದ ಹಾಗೆ. ತಿಂದ ಹವಳ ಅದರ ಹೊಟ್ಟೆಯಿಂದ ಮರಳಾಗಿ ಹೊರಬೀಳುತ್ತದೆ.

ಹತ್ತು ಮೀಟರಿನಲ್ಲಿ ಕ್ಯಾಪ್ಟನ್ ನನ್ನ ಮಣಿಕಟ್ಟು ತೋರಿಸಿದ. ಊರ ಜಾತ್ರೆಯಲ್ಲಿ ಅಮ್ಮ ಕಟ್ಟಿದ್ದ ಕೆಂಪು ದಾರ. ಅದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಅವನು ಟಾರ್ಚ್ ಹಾಕಿದ. ದಾರ ಧಗ್ ಅಂತ ಕೆಂಪಾಯಿತು. ಟಾರ್ಚ್ ಆರಿಸಿದ, ಮತ್ತೆ ಮಣ್ಣು. ನಾನು ಕೈ ಮುಂದೆ ಹಿಡಿದು ಇನ್ನೊಮ್ಮೆ ಅಂತ ಸನ್ನೆ ಮಾಡಿದೆ. ಅವನು ಮತ್ತೆ ಹಾಕಿದ.

ಊಟದ ಬಗ್ಗೆ ಹೇಳಲೇಬೇಕು, ಸಸ್ಯಾಹಾರಿಗಳಿಗೆ ಇಲ್ಲಿ ಚಿಂತೆಯೇ ಇಲ್ಲ. ತಾಮೆಯಾ ಅಂದರೆ ನೆನೆಸಿದ ಫಾವಾ ಕಾಳು ಸೊಪ್ಪಿನ ಜೊತೆ ರುಬ್ಬಿ ಕರಿದದ್ದು. ಒಳಗೆ ಹಸಿರು, ಹೊರಗೆ ನಮ್ಮ ಆಂಬೊಡೆಯ ಗರಿ. ಕೊಶರಿಯಲ್ಲಿ ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಕರಿದ ಈರುಳ್ಳಿ, ಟೊಮೇಟೊ ಸಾರು. ನಾಲ್ಕು ದಿನ ಅದೇ ತಿಂದೆ. ರೊಟ್ಟಿಗೆ ಐಶ್ ಅನ್ನುತ್ತಾರೆ, ಬದುಕಿಗೂ ಅದೇ ಪದ.

ಸೈನಾಯ್‌ನಲ್ಲೇ ಇರುವ ಮೂಸಾ ಬೆಟ್ಟ ಹತ್ತುವ ಆಸೆ ಇತ್ತು, ಎತ್ತರ 2285 ಮೀಟರ್. ಕ್ಯಾಪ್ಟನ್ ಬೇಡವೇ ಬೇಡ ಅಂದ. ಡೈವ್ ಮಾಡಿದ ಮೇಲೆ 18ರಿಂದ 24 ಗಂಟೆ ವಿಮಾನವೂ ಇಲ್ಲ, ಎತ್ತರದ ಬೆಟ್ಟವೂ ಇಲ್ಲ. ರಕ್ತದಲ್ಲಿ ಸೇರಿದ ನೈಟ್ರೋಜನ್ ಸೋಡಾ ಬಾಟಲಿ ತೆರೆದ ಹಾಗೆ ಗುಳ್ಳೆ ಕಟ್ಟಬಹುದು. ನಾಲ್ಕನೆಯ ದಿನವೂ ಎರಡು ಡೈವ್ ಆಗಿದ್ದರಿಂದ ಐದನೆಯ ದಿನ ಸುಮ್ನೆ ಉಳಿದುಕೊಂಡೆವು. ವಿಮಾನ ಆ ರಾತ್ರಿ ತಡವಾಗಿ ಇತ್ತು.

ಬೆಳಗ್ಗೆ ಈಲ್ ಗಾರ್ಡನ್‌ಗೆ ನಡೆದು ಹೋಗಿ ನೀರಿನ ಮೇಲೆ ತೇಲಿದೆವು. ಕೆಳಗೆ ಬಿಳಿ ಮರಳಿನಲ್ಲಿ ಬೆರಳು ಗಾತ್ರದ ನೂರಾರು ಹಾವುಮೀನುಗಳು, ಬಾಲ ಹೂತುಕೊಂಡು ನೆಟ್ಟಗೆ ನಿಂತು ತೂಗಾಡುತ್ತಿದ್ದವು, ಗಾಳಿಗೆ ಪೈರು ತೂಗುವ ಹಾಗೆ. ನಮ್ಮ ನೆರಳು ಬಿದ್ದಿತೋ ಏನೋ, ಎಲ್ಲ ಒಟ್ಟಿಗೆ ಮರಳಿನೊಳಗೆ ಹೋದವು. ತಮ್ಮ ನನ್ನ ಕೈ ಅದುಮಿ, ಅಲುಗಾಡಬೇಡ ಅಂತ ಸನ್ನೆ ಮಾಡಿದ. ನಳಿಗೆಯಲ್ಲಿ ಮೆಲ್ಲಗೆ ಉಸಿರಾಡುತ್ತಾ ಹಾಗೇ ಬಿದ್ದುಕೊಂಡೆವು. ಸ್ವಲ್ಪ ಹೊತ್ತಿಗೆ ಒಂದು ತಲೆ ಹೊರಗೆ ಬಂತು. ಆಮೇಲೆ ಇನ್ನೊಂದು.