ನಾನ್ಸೆನ್ ಯಾನಗಳ ನಕ್ಷೆ: ಫ್ರಾಮ್ ಪದರದ ಪ್ರಗತಿ

ನಾರ್ವೆಯ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ ಅವರ ಆರ್ಕ್‌ಟಿಕ್ ಯಾನಗಳನ್ನು ಒಂದೇ ನಕ್ಷೆಯಲ್ಲಿ ಕೂರಿಸುವ ಕೆಲಸ ಅರ್ಧ ದಾರಿ ದಾಟಿದೆ. 1888ರ ಗ್ರೀನ್‌ಲ್ಯಾಂಡ್ ಪದರ ಮುಗಿದಿದೆ: ಪೂರ್ವದ ಉಮಿವಿಕ್‌ನಿಂದ ಪಶ್ಚಿಮದ ಅಮೆರಾಲಿಕ್‌ವರೆಗೆ ಆರು ಜನ ನಡೆದ ದಾರಿ. ಅದಕ್ಕೂ ಮೊದಲು ಮಂಜುಗಡ್ಡೆಗೆ ಸಿಕ್ಕಿ ದಕ್ಷಿಣಕ್ಕೆ ತೇಲಿಹೋದದ್ದನ್ನು ಚುಕ್ಕೆಗೆರೆಯಲ್ಲಿ ತೋರಿಸಿದೆ.

ಈಗ ಕೈಯಲ್ಲಿರುವುದು 1893–96ರ ಫ್ರಾಮ್ ಯಾನ: ಆ ಹೆಸರಿನ ಹಡಗನ್ನು ಬೇಕೆಂದೇ ಮಂಜುಗಡ್ಡೆಗೆ ಸಿಕ್ಕಿಸಿ ತೇಲಿಬಿಟ್ಟದ್ದು; ನಡುವೆ ನಾನ್ಸೆನ್ ಮತ್ತು ಸಂಗಾತಿ ಯೋಹಾನ್ಸೆನ್ ಅದನ್ನು ಬಿಟ್ಟು ಧ್ರುವದತ್ತ ಹೊರಟರು. ವೆಬ್ ನಕ್ಷೆಗಳ ಮರ್ಕೇಟರ್ ಪ್ರಕ್ಷೇಪ (ಗೋಳವನ್ನು ಚಪ್ಪಟೆ ಹಾಳೆಗೆ ಇಳಿಸುವ ಒಂದು ವಿಧಾನ) ಇಲ್ಲಿ ನಡೆಯುವುದಿಲ್ಲ. ಅದು 85.06 ಡಿಗ್ರಿಗೇ ಮುಗಿಯುತ್ತದೆ. ನಾನ್ಸೆನ್ ಮತ್ತು ಯೋಹಾನ್ಸೆನ್ ಮುಟ್ಟಿದ್ದು 86°13.6'. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಪ್ರಾಜೆಕ್ಟನ್ನು ಇಪಿಎಸ್‌ಜಿ 3995 ಎಂಬ ಸಂಕೇತದ ಪ್ರಕ್ಷೇಪಕ್ಕೆ, ಅಂದರೆ ಧ್ರುವವನ್ನು ನಡುವಿಟ್ಟ ಸ್ಟೀರಿಯೋಗ್ರಾಫಿಕ್‌ಗೆ ಬದಲಿಸಿದ ಮೇಲೆ ದಾರಿ ಸರಿಯಾಗಿ ಕಂಡಿತು. ಇಬ್ಬರೂ ಹಿಂದಿರುಗುವಾಗ ತಲುಪಿದ ದ್ವೀಪಸಮೂಹ ಫ್ರಾನ್ಸ್ ಯೋಸೆಫ್ ಲ್ಯಾಂಡ್‌ನ ಸಣ್ಣ ದ್ವೀಪಗಳು ಬೇಕಾದ್ದರಿಂದ ಕರಾವಳಿಗೆ ನ್ಯಾಚುರಲ್ ಅರ್ತ್ ಎಂಬ ನಕ್ಷೆ ದತ್ತಾಂಶ ಸಂಗ್ರಹದ 1:10 ಮಿಲಿಯನ್ ಪದರ.

ಬಿಂದು ತುಂಬುವಾಗ ಡಿಗ್ರಿಯ ನಿಮಿಷಗಳನ್ನು (') 60ರಿಂದ ಭಾಗಿಸಲೇಬೇಕು. ಹಡಗು ಬಿಟ್ಟು ಹೊರಟ 1895ರ ಮಾರ್ಚ್ 14ರ ಸ್ಥಾನ 84°4', ಅದು 84.067. ಅವಸರದಲ್ಲಿ 84.4 ಎಂದು ಒತ್ತಿದರೆ ಶಿಬಿರ 37 ಕಿ.ಮೀ. ಉತ್ತರಕ್ಕೆ ಹಾರುತ್ತದೆ. ತೇಲಾಟ ಶುರುವಾದ ಜಾಗ (78°49' ಉ, 132°53' ಪೂ) 78.817, 132.883. ಕೋಷ್ಟಕದಲ್ಲಿ ರೇಖಾಂಶವೇ ಎಕ್ಸ್, ಅಕ್ಷಾಂಶ ವೈ.

ನಿಜವಾದ ತಲೆನೋವು ಏಪ್ರಿಲ್ ನಡುಭಾಗದಿಂದ ಮುಂದಕ್ಕೆ. ಕೀಲಿ ಕೊಡುವುದು ಮರೆತು ಇಬ್ಬರ ಗಡಿಯಾರಗಳೂ ನಿಂತುಹೋದವು. ಅಕ್ಷಾಂಶಕ್ಕೆ ತೊಂದರೆಯಿಲ್ಲ, ನಡುಹಗಲ ಸೂರ್ಯನ ಎತ್ತರ ಸಾಕು. ರೇಖಾಂಶ ಮಾತ್ರ ಗಡಿಯಾರದ ಕೂಸು: 4 ನಿಮಿಷ ತಪ್ಪಿದರೆ 1 ಡಿಗ್ರಿ. ತಮಾಷೆಯೆಂದರೆ, ಉತ್ತರಕ್ಕೆ ಹೋದಷ್ಟೂ ಆ ತಪ್ಪು ಅಗ್ಗ. 86°13'ರಲ್ಲಿ 1 ಡಿಗ್ರಿಗೆ ಸುಮಾರು 7 ಕಿ.ಮೀ., 82°ಯಲ್ಲಿ 15ಕ್ಕೂ ಹೆಚ್ಚು. ಹಾಗಾಗಿ 10 ನಿಮಿಷದ ತಪ್ಪು 82°ಯಲ್ಲಿ ಹತ್ತಿರಹತ್ತಿರ 39 ಕಿ.ಮೀ. ಆಗುತ್ತದೆ. ಸಾಲದ್ದಕ್ಕೆ ಅವರ ಬಳಿಯಿದ್ದ ಹಿಂದಿನ ಅನ್ವೇಷಕ ಪಾಯರ್ ಬರೆದ ನಕ್ಷೆಯಲ್ಲಿ ಪೀಟರ್‌ಮನ್ ಲ್ಯಾಂಡ್ ಎಂಬ, ಇಲ್ಲವೇ ಇಲ್ಲದ ನೆಲವೊಂದಿತ್ತು.

ಮೊದಲ ಆವೃತ್ತಿಯಲ್ಲಿ ಗೆರೆಯ ಎರಡು ತುದಿಗಳನ್ನು ಹಿಡಿದು, ನಡುವಿನ ಬಿಂದುಗಳನ್ನು ದೂರಕ್ಕೆ ತಕ್ಕಂತೆ ಎಳೆದು ಹೊಂದಿಸಲಾಗಿತ್ತು. ಅದು ತಪ್ಪು. ಗಡಿಯಾರವನ್ನು ಅಂದಾಜಿನ ಮೇಲೆ ಮತ್ತೆ ಹೊಂದಿಸಿದಾಗ ಹುಟ್ಟಿದ ದೋಷ, ಅದು ಪುನಃ ನಿಲ್ಲದಿದ್ದರೆ, ಎಲ್ಲ ದಿನಕ್ಕೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಆ ದಿನದ ನಂತರದ ಬಿಂದುಗಳನ್ನೆಲ್ಲ ಒಂದೇ ಪ್ರಮಾಣದ ಡಿಗ್ರಿಗಳಷ್ಟು ಸರಿಸಬೇಕು, ಕಿ.ಮೀ. ಲೆಕ್ಕದಲ್ಲಲ್ಲ. ಕ್ಯೂಜಿಐಎಸ್‌ನ ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ರೇಖಾಂಶದ ಕಾಲಂಗೆ ಒಂದು ಸ್ಥಿರ ಸಂಖ್ಯೆ ಕೂಡಿಸಿದರೆ ಆಯಿತು. ಮೂಲ ಕಾಲಂ ಹಾಗೇ ಉಳಿಯಲಿ. ಆ ಸಂಖ್ಯೆಯನ್ನು ನಿರ್ಧರಿಸಲು ಆಧಾರ, ಇಂದು ಗುರುತಿಸಬಹುದಾದ ನೆಲಗಳು: ಅವರು ಚಳಿಗಾಲ ಕಳೆದ ಜ್ಯಾಕ್ಸನ್ ದ್ವೀಪ, ಮತ್ತು 1896ರ ಜೂನ್ 17ರಂದು ಬ್ರಿಟಿಷ್ ಅನ್ವೇಷಕ ಫ್ರೆಡರಿಕ್ ಜ್ಯಾಕ್ಸನ್ ಎದುರಾದ ಕೇಪ್ ಫ್ಲೋರಾ.

ಬಾಕಿಯಿರುವುದು ಹಡಗಿನದೇ ಗೆರೆ. 1896ರ ಆಗಸ್ಟ್ 13ಕ್ಕೆ ಸ್ಪಿಟ್ಸ್‌ಬರ್ಗನ್‌ನ ಉತ್ತರಕ್ಕೆ ಅದು ಬಿಡುಗಡೆಯಾಗುವವರೆಗಿನ ಅಂಕುಡೊಂಕು ಕಾಣಬೇಕಾದರೆ ತಿಂಗಳಿಗೊಂದು ಬಿಂದು ಸಾಲದು.