ಇನ್ವರ್ಟರ್ ಏಸಿ ಮತ್ತು ಬಿಲ್ಲಿನ ಲೆಕ್ಕ

ಇನ್ವರ್ಟರ್ ಏಸಿ ಹಾಕಿಸಿದರೆ ಕರೆಂಟ್ ಬಿಲ್ ಅರ್ಧಕ್ಕೆ ಇಳಿಯುತ್ತೆ ಅಂತ ಇವತ್ತು ಮತ್ತೆ ಒಬ್ಬರು ಹೇಳಿದರು. ಇಳಿಯಬಹುದು, ಇಳಿಯದೆಯೂ ಇರಬಹುದು.

ಹಳೇ ತರದ ಏಸಿಯ ಕಂಪ್ರೆಸರ್‌ಗೆ, ಅಂದರೆ ತಂಪು ಮಾಡುವ ಅನಿಲವನ್ನು ಒತ್ತಿ ಓಡಿಸುವ ಪಂಪಿಗೆ, ಗೊತ್ತಿರುವುದು ಎರಡೇ: ಪೂರ್ತಿ ಓಡುವುದು, ಪೂರ್ತಿ ನಿಲ್ಲುವುದು. ರೂಮು ತಣ್ಣಗಾದರೆ ಟಕ್ ಅಂತ ನಿಲ್ಲುತ್ತದೆ. ಸ್ವಲ್ಪ ಸೆಕೆ ಏರಿದರೆ ಮತ್ತೆ ಗುರ್ ಅಂತ ಶುರು. ಒಂದು ಕ್ಷಣ ಲೈಟು ಮಂಕಾಗುತ್ತದೆ, ನೋಡಿರ್ತೀರಿ ಅಲ್ವಾ? ಇನ್ವರ್ಟರ್ ಏಸಿಯ ಕಂಪ್ರೆಸರ್ ಹಾಗಲ್ಲ. ಮೊದಲು ಜೋರಾಗಿ ಓಡಿ, ಆಮೇಲೆ ವೇಗ ಇಳಿಸಿಕೊಂಡು ಬೇಕಾದಷ್ಟೇ ತಂಪು ಕೊಡುತ್ತಾ ಇರುತ್ತದೆ. ಉಳಿತಾಯ ಆಗುವುದು ಈ ನಿಧಾನದ ಓಟದಲ್ಲೇ. ಆಗ ಹೊರಗಿನ ಪೆಟ್ಟಿಗೆಯ ಕಾಯಿಲ್‌ಗೆ (ಕೊಳವೆ ಸುರುಳಿಗೆ) ರೂಮಿನ ಶಾಖವನ್ನು ಹೊರಗೆ ಬಿಡುವುದು ಸಲೀಸು, ಅಷ್ಟೇ ಕರೆಂಟಿಗೆ ಜಾಸ್ತಿ ತಂಪು ಸಿಗುತ್ತದೆ.

ಅಂದರೆ ರಾತ್ರಿಯಿಡೀ ಹಾಕುವವರಿಗೆ ಲಾಭ. ಅರ್ಧ ಗಂಟೆ ಹಾಕಿ ಆರಿಸುವವರಿಗೆ? ಆ ಹೊತ್ತಿನ ಬಹುಪಾಲು ಅದು ಜೋರಾಗಿಯೇ ಓಡುತ್ತಿರುತ್ತದೆ. ರೂಮು ದೊಡ್ಡದು, ಏಸಿ ಚಿಕ್ಕದು ಆದರೂ ಅದೇ ಕಥೆ. ಕಿಟಕಿ ಸಂದಿಯಿಂದ ಬಿಸಿಗಾಳಿ ನುಗ್ಗುತ್ತಿದ್ದರಂತೂ ಮುಗೀತು.

ನನಗೆ ತಮಾಷೆ ಅನಿಸುವುದು ಇನ್ನೊಂದು. ಬಿಲ್ ಕಡಿಮೆ ಬರುತ್ತೆ ಅನ್ನೋ ಧೈರ್ಯಕ್ಕೆ, 26ರಲ್ಲಿ ಇರುತ್ತಿದ್ದ ಏಸಿ ಸುಮ್ನೆ 20ಕ್ಕೆ ಇಳಿಯುತ್ತದೆ. ಮೇಲೆ ದಪ್ಪ ಹೊದಿಕೆ ಬೇರೆ!