ಡೇ ಲಿಲ್ಲಿ ಬೀಜ ಹಾಕಿದರೆ ಅದೇ ಹೂವು ಬರುತ್ತಾ?

ಬರೋದಿಲ್ಲ. ಉತ್ತರ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಧಾರವಾಡದ ನಮ್ಮ ಮನೆ ಗೇಟಿನ ಮುಂದೆ ನಿಂತು ನೋಡುವವರು, ವಾಟ್ಸಾಪಿನಲ್ಲಿ ಫೋಟೋ ನೋಡಿದ ಹುಬ್ಬಳ್ಳಿಯ ನೆಂಟರು, ಎಲ್ಲರೂ ಕೇಳುವುದು ಇದನ್ನೇ. "ಅಕ್ಕಾರ, ಒಂದ್ನಾಕು ಬೀಜ ಕೊಡ್ರಿ, ಹಾಕಿದ್ರ ಇದೇ ಕೆಂಪ ಹೂ ಬರ್ತಾವಲ್ರೀ?" ಬೀಜ ಖಂಡಿತ ಕೊಡುತ್ತೇನೆ. ಗಿಡವೂ ಬರುತ್ತದೆ, ಹೂವೂ ಬಿಡುತ್ತದೆ. ಇದೇ ಹೂವು ಮಾತ್ರ ಬರುವುದಿಲ್ಲ.

ಹಾವೇರಿ, ರಾಣೆಬೆನ್ನೂರು ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಹೈಬ್ರಿಡ್ ಹತ್ತಿಯನ್ನೇ ನೋಡಿ. 1972ರಲ್ಲಿ ನಮ್ಮ ಧಾರವಾಡದಿಂದಲೇ ವರಲಕ್ಷ್ಮಿ ಬಂತು, ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ತಳಿ. ಅಂಥ ಹೊಲದ ಬೀಜವನ್ನೇ ಎತ್ತಿಟ್ಟು ಮರುವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಇನ್ನೊಂದು ಗಿಡ್ಡ, ಅರಳೆ ಒಂದೊಂದರದು ಒಂದೊಂದು ಥರ. ತಂದೆ ತಾಯಿ ಗಿಡಗಳಿಂದ ಬಂದ ಗುಣಗಳು ಮತ್ತೆ ಚದುರಿಹೋಗುತ್ತವೆ. ಅದಕ್ಕೇ ಹೈಬ್ರಿಡ್ ಬೀಜ ಪ್ರತಿ ವರ್ಷ ಹೊಸದಾಗಿ ತರಬೇಕು. ಅದಕ್ಕೇ ಆ ಕಡೆಯ ಬೀಜದ ಪ್ಲಾಟುಗಳಲ್ಲಿ ಹೆಣ್ಣುಮಕ್ಕಳು ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪರಾಗ ಸವರಿ ಕ್ರಾಸಿಂಗ್ ಮಾಡುತ್ತಾರೆ.

ಡೇ ಲಿಲ್ಲಿ ಇನ್ನೂ ಜಾಸ್ತಿ ಕಲಬೆರಕೆ. ಇದರ ಮೂಲ ಚೀನಾ, ಜಪಾನ್, ಕೊರಿಯಾ ಕಡೆ. ಕಾಡಿನ ಗಿಡಗಳಲ್ಲಿ ಬಣ್ಣ ಅಂದರೆ ಹೆಚ್ಚಾಗಿ ಹಳದಿ, ಕಿತ್ತಳೆ, ಅಷ್ಟೇ. ನ್ಯೂಯಾರ್ಕ್ ಸಸ್ಯೋದ್ಯಾನದ ಎ. ಬಿ. ಸ್ಟೌಟ್ ಅನ್ನುವವರು ಅಂಥ ಗಿಡಗಳನ್ನೇ ತಲೆಮಾರುಗಟ್ಟಲೆ ಕೂಡಿಸುತ್ತ ಹೋಗಿ, 1934ರಲ್ಲಿ 'ಥೆರಾನ್' ಅನ್ನುವ ಕಡುಗೆಂಪು ತಳಿ ಹೊರತಂದರು. ಆಮೇಲೆ ಅಮೆರಿಕದಲ್ಲಿ ಮನೆಮನೆಯವರೂ ಇದೇ ಕೆಲಸಕ್ಕೆ ಇಳಿದರು. ಇವತ್ತು ಹೆಸರಿಟ್ಟು ನೋಂದಾಯಿಸಿದ ತಳಿಗಳೇ ಎಂಬತ್ತು ಸಾವಿರಕ್ಕಿಂತ ಜಾಸ್ತಿ. ಅಂದರೆ ನಮ್ಮ ಅಂಗಳದ ಕೆಂಪು ಹೂವಿನೊಳಗೆ ಯಾವ ಅಜ್ಜ, ಯಾವ ಮುತ್ತಜ್ಜಿ ಅಡಗಿದ್ದಾರೋ ಹೇಳೋಕಾಗಲ್ಲ. ಬೀಜ ಹಾಕಿದಾಗ ಅವರಲ್ಲಿ ಯಾರು ಬೇಕಾದರೂ ಎದ್ದು ಬರಬಹುದು.

ಇನ್ನು ಕೆಲವರದು ಬೇರೆ ದೂರು, ಕಾಯಿಯೇ ಕಟ್ಟುವುದಿಲ್ಲ ಅಂತ. ಅವರ ಹತ್ತಿರ ಇರುವುದು ಸಾಮಾನ್ಯವಾಗಿ ಹಳೇ ಕಿತ್ತಳೆ ಬಣ್ಣದ್ದು, ಒಂಟಿ ಸುತ್ತಿನದು ಇಲ್ಲವೇ ಸುತ್ತು ಸುತ್ತಾಗಿ ಎಸಳಿರುವುದು. ಅದು ಎಷ್ಟು ವರ್ಷ ಕಾದರೂ ಅಷ್ಟೇ. ಮಾಮೂಲಿ ಡೇ ಲಿಲ್ಲಿಗೆ 22 ವರ್ಣತಂತು, ಅಂದರೆ ಗುಣಗಳನ್ನು ಹೊತ್ತ ಕ್ರೋಮೋಸೋಮು, ಆ ಕಿತ್ತಳೆಗೆ 33. ಈ ಲೆಕ್ಕ ಸಮನಾಗಿ ಭಾಗವಾಗದ್ದರಿಂದ ಬೀಜ ಕೂಡುವುದಿಲ್ಲ. ಬೇರಿನಿಂದ ಹಬ್ಬುವುದರಲ್ಲಿ ಮಾತ್ರ ಅದನ್ನು ಮೀರಿಸುವ ಗಿಡ ಇಲ್ಲ. 44 ಇರುವ ದೊಡ್ಡ ಹೂವಿನ ತಳಿಗಳೂ ಇವೆ, ಎಸಳು ದಪ್ಪ, ದಂಟು ಗಟ್ಟಿ. ಇವನ್ನು ಮೊದಲು ಮಾಡಿದ್ದು ಕೊಲ್ಚಿಸಿನ್ ಅನ್ನುವ ವಿಷ ಬಳಸಿ. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಅರಳುವ ಗೌರಿ ಹೂವಿನ ಗಡ್ಡೆಯಲ್ಲೂ ಅದೇ ವಿಷ ಇದೆ, ಹಾಗಂತ ಯಾರೂ ಅದನ್ನು ಕಿತ್ತು ಪ್ರಯೋಗ ಮಾಡಲು ಹೋಗಬೇಡಿ. ವಿಷಯ ಏನೆಂದರೆ 22ರದ್ದೂ 44ರದ್ದೂ ಸುಲಭವಾಗಿ ಕೂಡುವುದಿಲ್ಲ. ಗದಗ ಕಡೆಯ ಜಯಧರ ಹತ್ತಿಗೆ 26, ವರಲಕ್ಷ್ಮಿಯಂಥ ಹೈಬ್ರಿಡ್ ಹತ್ತಿಗೆ 52, ಅಲ್ಲೂ ಇದೇ ತಕರಾರು. ಗಿಡ ಕೊಳ್ಳುವಾಗ ಡಿಪ್ಲಾಯ್ಡೋ (22ರದ್ದು) ಟೆಟ್ರಾಪ್ಲಾಯ್ಡೋ (44ರದ್ದು) ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮಾರುವವರಿಗೆ ಗೊತ್ತಿಲ್ಲದಿದ್ದರೆ ಕ್ರಾಸ್ ಮಾಡಿ ನೋಡುವುದೂ ಒಂದು ದಾರಿ.

ಹಾಗಾದರೆ ಅದೇ ಕೆಂಪು ಬೇಕು ಅನ್ನುವವರು ಏನು ಮಾಡಬೇಕು? ಬೀಜ ಕೇಳಬೇಡಿ, ಬುಡ ಕೇಳಿ. ಇದಕ್ಕೆ ಈರುಳ್ಳಿಯಂಥ ಗಡ್ಡೆ ಇರುವುದಿಲ್ಲ, ಉಬ್ಬಿದ ಬೇರುಗಳಿರುತ್ತವೆ. ನರ್ಸರಿಯಲ್ಲಿ ರೇನ್ ಲಿಲ್ಲಿ, ಸ್ಪೈಡರ್ ಲಿಲ್ಲಿ, ಫುಟ್ಬಾಲ್ ಲಿಲ್ಲಿ ಎಲ್ಲಕ್ಕೂ ಬರೀ ಲಿಲ್ಲಿ ಅಂತಾರಲ್ಲ, ಆಗ ಬೇರು ನೋಡಿದರೆ ಮೋಸ ಹೋಗುವುದಿಲ್ಲ. ಮಳೆ ಜೋರು ಕಡಿಮೆಯಾದ ಮೇಲೆ ಗುಂಪನ್ನು ಅಗೆದು, ಮಣ್ಣು ಕೊಡವಿ, ಒಂದೊಂದು ಮರಿಗೂ ಬೇರು ಬರುವ ಹಾಗೆ ಬಿಡಿಸಬೇಕು. ಎಲೆ ಗೇಣುದ್ದಕ್ಕೆ ಕತ್ತರಿಸಿ, ಬೇರೂ ಎಲೆಯೂ ಕೂಡುವ ಜಾಗ ಮಣ್ಣಿನಿಂದ ಒಂದಿಂಚು ಕೆಳಗೆ ಇರುವಂತೆ ನೆಟ್ಟರೆ ಸಾಕು. ಆಳಕ್ಕೆ ಹೂತರೆ ಕೊಳೆಯುತ್ತದೆ, ಅದೂ ಎರೆ ಮಣ್ಣಿನಲ್ಲಿ ಕೇಳೋದೇ ಬೇಡ.

ಎರೆ ಮಣ್ಣಿನ ಬಗ್ಗೆ ಇನ್ನೊಂದು ಮಾತು. ಹುಬ್ಬಳ್ಳಿ, ಅಣ್ಣಿಗೇರಿ, ನರಗುಂದದವರು ನೆಲಕ್ಕೇ ನೆಟ್ಟು, ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯಿತು ಅಂತ ಫೋಟೋ ಕಳಿಸುತ್ತಾರೆ. ನಮ್ಮ ಕರಿ ಮಣ್ಣಲ್ಲಿ ಸುಣ್ಣ ಜಾಸ್ತಿ, ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಅರ್ಧ ಅಡಿ ಎತ್ತರದ ಮಡಿ ಮಾಡಿ, ಮಸಾರಿ ಮಣ್ಣಿಗೆ ಚೆನ್ನಾಗಿ ಕೊಳೆತ ಸಗಣಿ ಗೊಬ್ಬರ ಬೆರೆಸಿ ತುಂಬಿ, ನೀರು ನಿಲ್ಲಬಾರದು. ಕುಂಡವಾದರೆ ಹನ್ನೆರಡು ಇಂಚಿಗಿಂತ ಚಿಕ್ಕದು ಬೇಡ. ನಳದ ನೀರು ನಾಲ್ಕು ದಿನ ತಡವಾದರೂ ಬೇರಿನಲ್ಲಿ ನೀರಿಟ್ಟುಕೊಂಡು ಬದುಕುವ ಗಿಡ ಇದು, ಮೊಗ್ಗು ಬಂದಾಗ ಮಾತ್ರ ನೀರು ತಪ್ಪಿಸಬಾರದು.

ತಳಿ ಆರಿಸುವಾಗ ಬಣ್ಣಕ್ಕಿಂತ ಮೊದಲು ಎಲೆಯ ಸ್ವಭಾವ ಕೇಳಿ. ಚಳಿಗಾಲಕ್ಕೆ ಪೂರ್ತಿ ಒಣಗಿ ಮಲಗುವ ಜಾತಿಗಳಿಗೆ ನಿಜವಾದ ಚಳಿ ಬೇಕು. ನಮ್ಮ ಡಿಸೆಂಬರಿಗೆ ನಾವು ಸ್ವೆಟರ್ ಹಾಕಿಕೊಳ್ಳುತ್ತೇವೆ, ಅವಕ್ಕೆ ಅದು ಚಳಿಯೇ ಅಲ್ಲ. ವರ್ಷದಿಂದ ವರ್ಷಕ್ಕೆ ಸೊರಗಿ ಹೋಗುತ್ತವೆ. ವರ್ಷವಿಡೀ ಹಸಿರಾಗಿರುವ ಎವರ್‌ಗ್ರೀನ್ ತಳಿಗಳೇ ಇಲ್ಲಿಗೆ ಸರಿ. ಕಡುಗೆಂಪು, ನೇರಳೆ ಹೂವುಗಳು ನಮ್ಮ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಸುಟ್ಟಂತಾಗುತ್ತವೆ, ಅವನ್ನು ಗೋಡೆಯ ಪೂರ್ವಕ್ಕೆ ನೆಟ್ಟು ಮಧ್ಯಾಹ್ನದ ನೆರಳು ಸಿಗುವ ಹಾಗೆ ನೋಡಿಕೊಳ್ಳಿ. ಆನ್‌ಲೈನಿನಲ್ಲಿ ಆಕಾಶನೀಲಿ ಡೇ ಲಿಲ್ಲಿ ಅಂತ ಮಾರುತ್ತಾರಲ್ಲ, ಅದು ಫೋಟೋ ಕೈಚಳಕ. ನಿಜವಾದ ನೀಲಿ ಇದರಲ್ಲಿ ಇನ್ನೂ ಯಾರಿಗೂ ಬಂದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಈ ಗಿಡದ ಸಹವಾಸವೇ ಬೇಡ. ಚೀನಾದವರು ಇದರ ಒಂದು ಜಾತಿಯ ಮೊಗ್ಗನ್ನು ಒಣಗಿಸಿ ಅಡುಗೆಗೆ ಹಾಕುತ್ತಾರೆ, ಬೆಕ್ಕಿಗೆ ಮಾತ್ರ ಇದು ಮೂತ್ರಪಿಂಡ ಕೆಡಿಸುವ ವಿಷ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಬೀಜ ಹಾಕುತ್ತಲೇ ಇರುತ್ತೇನೆ, ಯಾಕೆಂದರೆ ಅದೇ ಹೂವು ಬರುವುದಿಲ್ಲ ಅನ್ನುವುದೇ ಇದರ ಮಜಾ. ಹತ್ತಿಯಲ್ಲಿ ಕ್ರಾಸಿಂಗ್ ಕಣ್ಣು ನೋಯುವ ಕೆಲಸ. ಇಲ್ಲಿ ಹೂವು ಅಂಗೈಯಗಲ, ಎಲ್ಲ ಎದ್ದು ಕಾಣುತ್ತದೆ. ಆರು ಕೇಸರ, ಅವಕ್ಕಿಂತ ಮುಂದಕ್ಕೆ ಚಾಚಿಕೊಂಡ ಒಂದು ಒಂಟಿ ಎಳೆ, ಅದೇ ಹೆಣ್ಣು ಭಾಗ. ಬೆಳಿಗ್ಗೆ ಎಂಟರ ಸುಮಾರಿಗೆ ಪರಾಗ ಪುಡಿಪುಡಿಯಾಗಿ ಬಿಟ್ಟಾಗ ಒಂದು ಕೇಸರ ಚಿವುಟಿ ತಂದು, ಇನ್ನೊಂದು ಹೂವಿನ ಆ ಎಳೆಯ ತುದಿಗೆ ಸವರಿದರೆ ಕೆಲಸ ಮುಗಿಯಿತು. ಹೂವಿನ ಬುಡಕ್ಕೆ ದಾರ ಕಟ್ಟಿ ತಾಯಿ, ತಂದೆ ಇಬ್ಬರ ಹೆಸರೂ ಬರೆದು ತೂಗುಹಾಕಿ, ನೆನಪಿರುತ್ತೆ ಬಿಡಿ ಅನ್ನಬೇಡಿ. ಬಿಸಿಲು ಮೂವತ್ತೆರಡು ಡಿಗ್ರಿ ದಾಟಿದರೆ ಕಾಯಿ ಕಟ್ಟುವುದು ತೀರಾ ಕಡಿಮೆ. ಹೀಗಾಗಿ ಮಳೆ ಹನಿದು ಮೋಡ ಕವಿದ ದಿನಗಳಲ್ಲಿ, ಹೂವು ಒದ್ದೆಯಾಗಿರದ ಬೆಳಿಗ್ಗೆ ನೋಡಿಕೊಂಡು ಮಾಡುವುದು ಒಳ್ಳೆಯದು. ತಂದೆ ಗಿಡ ಮೊದಲೇ ಹೂಬಿಟ್ಟಿದ್ದರೆ ಅದರ ಪರಾಗವನ್ನು ಒಣಗಿಸಿ ಚಿಕ್ಕ ಡಬ್ಬಿಯಲ್ಲಿ ಫ್ರೀಜರಿನಲ್ಲಿಡಬಹುದು, ತಿಂಗಳುಗಟ್ಟಲೆ ಬರುತ್ತದೆ. ಐಸ್‌ಕ್ರೀಮಿನ ಪಕ್ಕ ಇಟ್ಟು ಮನೆಯವರ ಹತ್ತಿರ ಬೈಸಿಕೊಳ್ಳುವುದು ನಿಮ್ಮ ಪಾಡು.

ಒಂದೂವರೆ ಎರಡು ತಿಂಗಳಿಗೆ ಕಾಯಿ ಕಂದಾಗಿ ತುದಿ ಬಿರಿಯುತ್ತದೆ. ಒಳಗೆ ಮೂರು ಕೋಣೆ, ಮಿರಿಮಿರಿ ಕಪ್ಪು ಬೀಜ. ಎವರ್‌ಗ್ರೀನ್ ತಳಿಯ ಬೀಜವನ್ನು ಹಾಗೇ ಹಾಕಿದರೂ ಮೊಳೆಯುತ್ತದೆ, ಒದ್ದೆ ಕಾಗದದಲ್ಲಿ ಸುತ್ತಿ ಮೂರ್ನಾಲ್ಕು ವಾರ ಫ್ರಿಜ್ಜಿನಲ್ಲಿಟ್ಟರೆ ಎಲ್ಲ ಹೆಚ್ಚುಕಡಿಮೆ ಒಟ್ಟಿಗೆ ಏಳುತ್ತವೆ. ಮೊದಲ ಹೂವಿಗೆ ಒಂದರಿಂದ ಮೂರು ವರ್ಷ.

ಆಮೇಲೆ ನಿಜವಾದ ಕಷ್ಟ ಶುರು, ಬಿಸಾಡುವುದು. ಬೀಜದ ಗಿಡಗಳಲ್ಲಿ ಹೆಚ್ಚಿನವು ಮಂಕು ಕಿತ್ತಳೆ, ಮಣ್ಣು ಮೆತ್ತಿದಂಥ ಹಳದಿ. ನಾವೇ ಹುಟ್ಟಿಸಿದ್ದು ಅನ್ನುವ ಮೋಹಕ್ಕೆ ಎಲ್ಲವನ್ನೂ ಇಟ್ಟುಕೊಂಡರೆ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಬಣ್ಣ ನೋಡುವುದು ಕೊನೆಗೆ. ಬೆಳಿಗ್ಗೆ ಪೂರ್ತಿ ಬಿಚ್ಚಿಕೊಳ್ಳುತ್ತಾ? ದಂಟು ಎಲೆಗಿಂತ ಮೇಲೆ ನಿಲ್ಲುತ್ತಾ? ದಂಟಿಗೆ ಕವಲೆಷ್ಟು, ಮೊಗ್ಗೆಷ್ಟು? ಒಂದೊಂದು ಹೂವು ಒಂದೇ ದಿನದ್ದಾದ್ದರಿಂದ ಇಡೀ ಬೆಲೆ ಇರುವುದು ಮೊಗ್ಗಿನ ಲೆಕ್ಕದಲ್ಲಿ. ಎರಡು ಮಳೆಗಾಲ ಕೊಳೆಯದೆ ದಾಟಿದ ಗಿಡಕ್ಕೆ ಮಾತ್ರ ಖಾಯಂ ಜಾಗ. ಉಳಿದವು ಕೇಳಿದವರಿಗೆ ಹೋಗುತ್ತವೆ, ದಸರಾ ಕಳೆದ ಮೇಲೆ ಚೀಲ ಹಿಡಿದು ಬಂದರೆ ಹಳೇ ಕೆಂಪಿನ ಬುಡವನ್ನೂ ಒಡೆದು ಕೊಡುತ್ತೇನೆ. ಈ ವರ್ಷ ಹೊಸದಾಗಿ ಅರಳಿದ, ಅಂಚಿಗೆ ಹಳದಿ ಗೆರೆ ಇರುವ ಗುಲಾಬಿಯನ್ನು ಮಾತ್ರ ಕೇಳಬೇಡಿ, ಅದಕ್ಕಿನ್ನೂ ಮರಿ ಒಡೆದಿಲ್ಲ.